ಕಿಟಕಿ ಕೆಳಗೇ ಹೋಟೆಲಿನ ಟೇಬಲ್: ಯಾರಿಗೆ ಹೇಳುವುದು, ಹೇಗೆ ಹೇಳುವುದು?

ಹುಬ್ಬಳ್ಳಿಯಿಂದ ಪಾರ್ಲೆಗೆ:

ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ಇರುವವರು, ಅದರಲ್ಲೂ ಹೋಟೆಲ್ ಲೈನಿನವರು ಇದ್ದರೆ ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ವಿಲೆ ಪಾರ್ಲೆ ಪೂರ್ವದ ಒಂದು ಒಳಗಲ್ಲಿ. ಹಳೇ ಕಾಲದ ಮೂರು ಮಾಳಿಗೆಯ ಸೊಸೈಟಿ, ಲಿಫ್ಟ್ ಇಲ್ಲ. ನಾವು ಮೊದಲನೇ ಮಾಳಿಗೆ, ರಸ್ತೆ ಕಡೆಯ ಮನೆ. ಕೆಳಗೆ ನಾಲ್ಕು ಗಾಳಾ, ಅಂದರೆ ಅಂಗಡಿ ಮಳಿಗೆ, ಇವೆ. ಮೊದಲು ಅಲ್ಲಿ ಜೆರಾಕ್ಸ್ ಅಂಗಡಿ, ದರ್ಜಿ, ಹಿಟ್ಟಿನ ಗಿರಣಿ ಎಲ್ಲಾ ಇತ್ತು. ಗಿರಣಿ ಸದ್ದು ಏನೂ ಕಡಿಮೆ ಇರಲಿಲ್ಲ. ಆದರೆ ಮಧ್ಯಾಹ್ನ ಒಂದಕ್ಕೆ ನಿಲ್ಲುತ್ತಿತ್ತು, ರಾತ್ರಿ ಎಂಟಕ್ಕೆ ಶಟರ್ ಎಳೆಯುತ್ತಿದ್ದರು. ಈಗ ಎರಡು ಗಾಳಾ ಸೇರಿಸಿ ಒಂದು ಹೋಟೆಲ್ ಆಗಿದೆ. ಹೆಸರು ಬೇಡ.

ಒಳಗೆ ಜಾಗ ಸಣ್ಣದು. ಹಾಗಾಗಿ ಅಂಗಡಿ ಬಾಗಿಲಿನಿಂದ ಫುಟ್‌ಪಾತ್‌ವರೆಗೆ ಇರುವ ಖಾಲಿ ಜಾಗದಲ್ಲಿ ಟೇಬಲ್ ಹಾಕಿದ್ದಾರೆ. ಮೊದಲು ಎರಡು ಹಾಕಿದರು, ನಾವೂ ಸುಮ್ನೆ ಇದ್ದೆವು. ಆಮೇಲೆ ಸಾಲಾಗಿ ಬಂತು. ಮಳೆಗಾಲಕ್ಕೆ ಅಂತ ತಗಡಿನ ಮಾಡು ಬಂತು. ಮಳೆ ಹೋಯಿತು, ಮಾಡು ಹೋಗಲಿಲ್ಲ. ಅದಕ್ಕೆ ಬಣ್ಣದ ದೀಪದ ಮಾಲೆ ಕಟ್ಟಿ, ನಮ್ಮ ಬಾದಾಮಿ ಮರಕ್ಕೂ ಸುತ್ತಿದರು. ಸೊಸೈಟಿಯ ತುಳಸಿ ಕಟ್ಟೆ ಮೇಲೆ ಈಗ ಹೆಲ್ಮೆಟ್ ಇಟ್ಟು ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ ಹೊರಗೆ ಸ್ಪೀಕರಿನಲ್ಲಿ ಹಾಕುವ ಹಾಡಿಗಿಂತ ನನಗೆ ಕುರ್ಚಿಯ ಕಾಟವೇ ಜಾಸ್ತಿ. ಕಬ್ಬಿಣದ ಕುರ್ಚಿ, ಕೆಳಗೆ ಶಹಾಬಾದ್ ಕಲ್ಲು. ನಮ್ಮ ರಾಜ್ಯದ ಕಲ್ಲೇ, ಅದನ್ನೇನು ಬೈಯಲಿ! ಗಿರಾಕಿ ಎದ್ದರೆ ಕರ್‌ರ್ ಅಂತ ಒಂದು ಸಲ. ವೇಟರ್ ಹುಡುಗ ಅದನ್ನು ಸರಿಮಾಡಿ ಇಟ್ಟರೆ ಇನ್ನೊಂದು ಸಲ. ರಾತ್ರಿ ಹನ್ನೊಂದೂವರೆಗೆ ಎಲ್ಲಾ ಕುರ್ಚಿ ಒಂದರ ಮೇಲೊಂದು ಪೇರಿಸಿ, ಕಾಲುಗಳ ನಡುವೆ ಸರಪಳಿ ಎಳೆದು ಬೀಗ ಹಾಕುತ್ತಾರೆ. ಆ ಸರಪಳಿ ಸದ್ದಿಗೆ ನಮ್ಮ ಅತ್ತೆ ದಿನಾ ಎದ್ದು ಕೂರುತ್ತಾರೆ. "ಯಾರು ಬಂದ್ರು ಈ ಹೊತ್ನಾಗ?" ಅಂತ ಕೇಳುತ್ತಾರೆ. ಅವರಿಗೆ ಎಂಬತ್ತು ದಾಟಿದೆ. ಒಮ್ಮೆ ಎದ್ದರೆ ಮತ್ತೆ ನಿದ್ದೆ ಬರುವುದಿಲ್ಲ, ಮಾತು ಶುರು ಮಾಡುತ್ತಾರೆ. ನನಗೂ ನಿದ್ದೆ ಇಲ್ಲ.

ಇನ್ನು ಮಾತುಕತೆ. ಟೇಬಲ್ಲಿನಲ್ಲಿ ಆಡುವ ಮಾತು ನಮ್ಮ ಅಡುಗೆಮನೆಗೆ ಅಕ್ಷರ ಅಕ್ಷರ ಕೇಳುತ್ತದೆ. ಯಾರ ಪ್ರಮೋಷನ್ ತಪ್ಪಿತು, ಯಾರ ಅಣ್ಣತಮ್ಮಂದಿರು ಫ್ಲ್ಯಾಟಿಗಾಗಿ ಕೋರ್ಟಿಗೆ ಹೋಗಿದ್ದಾರೆ, ಎಲ್ಲಾ ನನಗೆ ಗೊತ್ತು. ತಲೆ ಮೇಲೆ ಒಬ್ಬಳು ಚಪಾತಿ ಲಟ್ಟಿಸುತ್ತಾ ಕೇಳುತ್ತಿದ್ದಾಳೆ ಅಂತ ಪಾಪ ಅವರಿಗೆ ಗೊತ್ತಿಲ್ಲ. ಸಂಜೆ ಇದ್ದಿಲು ತಂದೂರಿ ಹೊತ್ತಿಸಿದರೆ ಒಣಗಿದ ಬಟ್ಟೆಯೆಲ್ಲಾ ಹೊಗೆ ವಾಸನೆ. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಹೊಗೆ.

ಈಗ ನನ್ನ ನಿಜವಾದ ತಾಪತ್ರಯ. ಹೋಟೆಲ್ ಮಾಲೀಕರು ನಮ್ಮವರೇ, ಕುಂದಾಪುರ ಕಡೆಯವರು. ಮೊದಲ ದಿನ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ "ಅಕ್ಕ, ಊರಿನವರಾ?" ಎಂದು ಕಾಫಿ ತರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅತ್ತೆಗೆ ಹುಷಾರಿಲ್ಲದಾಗ ಗಂಜಿ ಮಾಡಿಸಿ ಹುಡುಗನ ಕೈಲಿ ಮೇಲೆ ಕಳಿಸಿದ್ದಾರೆ. ಹಾಗಾಗಿ ಸೊಸೈಟಿ ಮೀಟಿಂಗಿನಲ್ಲಿ ಎಲ್ಲರೂ "ನೀವೇ ಮಾತಾಡಿ, ನಿಮ್ಮವರಲ್ವಾ" ಅಂತ ನನ್ನನ್ನು ಮುಂದೆ ತಳ್ಳುತ್ತಾರೆ. ನಮ್ಮವರ ಹೊಟ್ಟೆ ಮೇಲೆ ನಾನೇ ಹೊಡೆಯಬೇಕಾ? ಹೊಡೆಯದಿದ್ದರೆ ನಾವು ಮಲಗುವುದು ಯಾವಾಗ?

ಸೊಸೈಟಿಯಲ್ಲೂ ಒಮ್ಮತ ಇಲ್ಲ. ಮೂರನೇ ಮಾಳಿಗೆಯವರಿಗೆ ಸದ್ದು ಅಷ್ಟು ತಟ್ಟುವುದಿಲ್ಲ. ಎರಡನೇ ಮಾಳಿಗೆಯ ಒಬ್ಬ ಹುಡುಗಿ ಹೇಳಿದ ಮಾತೂ ಸುಳ್ಳಲ್ಲ: ಮೊದಲು ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಗಲ್ಲಿ ಕತ್ತಲು, ನಾಯಿ ಕಾಟ, ಈಗ ಬೆಳಕಿದೆ, ಜನ ಇದ್ದಾರೆ, ಹೆದರಿಕೆ ಇಲ್ಲ. ಸೆಕ್ರೆಟರಿ ಕೇಳಿದರೆ "ಮುಂದಿನ ಜಾಗ ಬಿಲ್ಡರ್ ಆಗಲೇ ಗಾಳಾದವರಿಗೆ ಮಾರಿದ್ದಾನೆ, ನಮಗೆ ಹಕ್ಕಿಲ್ಲ" ಎನ್ನುತ್ತಾರೆ.

ಇದು ನಿಜವಾ? ಟೇಬಲ್ ಹಾಕಲು ಪರವಾನಗಿ ಅಂತ ಒಂದು ಇರುತ್ತದಾ? ಹೋಟೆಲ್ ಮುಚ್ಚಿಸುವುದು ನನಗೆ ಬೇಡ. ರಾತ್ರಿ ಹತ್ತರ ನಂತರ ಮನೆಯಲ್ಲಿ ಮಲಗಲು ಆದರೆ ಸಾಕು.

ಗಲ್ಲಾ ಮೇಲಿಂದ:

ಅಕ್ಕ, ನಾನು ಹೋಟೆಲ್ ಲೈನಿನವನೇ. ಊರು ಬೈಂದೂರು ಹತ್ತಿರ. ಈಗ ಮುಲುಂಡ್‌ನಲ್ಲಿ ಗಲ್ಲಾ ಮೇಲೆ ಕೂರುತ್ತೇನೆ. ನೀವು ಬರೆದದ್ದು ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಎರಡೂ ಕಡೆಗೆ.

ಹೊರಗಿನ ಟೇಬಲ್ ಯಾಕೆ ಬಂತು ಅಂತ ಹೇಳುತ್ತೇನೆ. ಮುಂಚೆಯೂ ಇತ್ತು, ಇಲ್ಲ ಅಂತಲ್ಲ. ಆದರೆ ಕೊರೋನಾ ಲಾಕ್‌ಡೌನ್ ಮುಗಿದು 2020ರ ಅಕ್ಟೋಬರ್ 5ಕ್ಕೆ ಮಹಾರಾಷ್ಟ್ರದಲ್ಲಿ ಹೋಟೆಲ್ ತೆಗೆದಾಗ ಅರ್ಧ ಸೀಟು ಮಾತ್ರ ತುಂಬಿಸಬೇಕು ಅಂತ ನಿಯಮ ಇತ್ತು. ಜನರಿಗೂ ಒಳಗೆ ಕೂರಲು ಹೆದರಿಕೆ. ಗಾಳಿಯಾಡುವ ಕಡೆ ಟೇಬಲ್ ಹಾಕಿದವರು ಬದುಕಿಕೊಂಡರು. ಹೆದರಿಕೆ ಹೋಯಿತು, ಅಭ್ಯಾಸ ಉಳಿಯಿತು. ಈಗ ಗಿರಾಕಿ ಬಂದವನೇ "ಬಾಹರ್ ಜಗಾ ಹೈ ಕ್ಯಾ?" ಅಂತಲೇ ಕೇಳುತ್ತಾನೆ. ಒಳಗೆ ಎಸಿ ಇದ್ದರೂ ಬೇಡ.

ಬಾಡಿಗೆ ಮಾತು ಬಿಡಿ ಮಾರಾಯ್ರೆ. ಪಾರ್ಲೆಯಲ್ಲಿ ಎರಡು ಗಾಳಾ ಬಾಡಿಗೆ, ಕೆಲಸದವರ ಸಂಬಳ, ಅವರಿಗೆ ಇರಲು ಖೋಲಿ, ಮನೆಗೆ ತಲುಪಿಸುವ ಆ್ಯಪಿನವರ ಕಮಿಷನ್, ಗ್ಯಾಸ್. ಒಳಗಿನ ಟೇಬಲ್ ಈ ಖರ್ಚಿಗೆ ಸರಿಹೋಗುತ್ತದೆ. ಮಾಲೀಕ ಮನೆಗೆ ಕೊಂಡೊಯ್ಯುವುದು ಏನಿದ್ದರೂ ಹೊರಗಿನ ಟೇಬಲ್ಲಿನದು. ಹಾಗಾಗಿ "ಪೂರ್ತಿ ತೆಗೆಯಿರಿ" ಅಂದರೆ ಅವರು ಕೈ ಮುಗಿಯುತ್ತಾರೆ, ನಗುತ್ತಾರೆ, ತೆಗೆಯುವುದಿಲ್ಲ. ಅದೇ "ಹತ್ತಕ್ಕೆ ಹೊರಗಿನ ಆರ್ಡರ್ ನಿಲ್ಲಿಸಿ" ಅಂದರೆ ಮಾತು ಮುಂದೆ ಹೋಗುತ್ತದೆ. ಹತ್ತರ ಮೇಲೆ ಬರುವ ಗಿರಾಕಿ ಎಂತದು? ಒಂದು ಚಹಾಕ್ಕೆ ಒಂದು ಗಂಟೆ ಕೂರುವವರು. ಅವರಿಂದ ಲಾಭ ಇಲ್ಲ, ಮಾಲೀಕನಿಗೂ ಗೊತ್ತಿದೆ.

ಮಾತಾಡಲು ಮಧ್ಯಾಹ್ನ ಮೂರೂವರೆ, ನಾಲ್ಕಕ್ಕೆ ಹೋಗಿ. ಊಟದ ಗಡಿಬಿಡಿ ಮುಗಿದಿರುತ್ತದೆ, ಸಂಜೆಯದು ಶುರುವಾಗಿರುವುದಿಲ್ಲ, ಸೇಠ್ ಚಹಾ ಕುಡಿಯುತ್ತಾ ಕೂತಿರುತ್ತಾರೆ. ರಾತ್ರಿ ಎಂಟಕ್ಕೆ ಹೋಗಿ ಗಿರಾಕಿಗಳ ಎದುರು ಕೂಗಾಡಿದರೆ ಮರ್ಯಾದೆ ಪ್ರಶ್ನೆ ಆಗುತ್ತದೆ, ಕೆಲಸ ಕೆಡುತ್ತದೆ. ಮ್ಯಾನೇಜರ್ ಹತ್ತಿರ ಹೇಳಿ ಉಪಯೋಗ ಇಲ್ಲ. ಅವನು ಎಲ್ಲದಕ್ಕೂ ಹೌದು ಎನ್ನುತ್ತಾನೆ.

ಕುರ್ಚಿ ಕಾಲಿನ ತುದಿಗೆ ರಬ್ಬರ್ ಬುಡ್ಡಿ ಹಾಕಿಸಿ. ಅಗ್ಗದ ಸಾಮಾನು. ನಮ್ಮಲ್ಲೂ ಮೇಲಿನ ಮನೆಯವರು ಜಗಳ ಮಾಡಿದ ಮೇಲೆ ಹಾಕಿಸಿದ್ದು. ಸರಪಳಿಗೆ ಹಳೇ ಸೈಕಲ್ ಟ್ಯೂಬ್ ತೊಡಿಸಿದರೆ ಸದ್ದು ಸತ್ತೇ ಹೋಗುತ್ತದೆ. ಪಾತ್ರೆ ತೊಳೆಯುವ ಮೋರಿ ಹಿಂದಿನ ಸಂದಿಯಲ್ಲಿದ್ದರೆ ಅದನ್ನೂ ನೋಡಿ. ತಗಡಿನ ಡಬ್ಬದಲ್ಲಿ ಸ್ಟೀಲ್ ತಟ್ಟೆ ಎಸೆಯುವ ಸದ್ದು ಹಿಂದಿನ ಬೆಡ್‌ರೂಮಿಗೆ ನೇರ ಹೋಗುತ್ತದೆ.

ಆ ಮಾಡು ಇದೆಯಲ್ಲ, ಅದಕ್ಕೆ ಮಾನ್ಸೂನ್ ಶೆಡ್ ಅಂತ ಹೇಳುತ್ತಾರೆ. ಪಾಲಿಕೆಯವರು ಮಳೆಗಾಲಕ್ಕೆ ಮಾತ್ರ ತಾತ್ಕಾಲಿಕ ಪರವಾನಗಿ ಕೊಡುವುದು. ಮಳೆ ಮುಗಿದ ಮೇಲೆ ಬಿಚ್ಚಬೇಕು. ಬಿಚ್ಚುವವರು ಎಷ್ಟು ಜನ ಅಂತ ಮಾತ್ರ ನನ್ನ ಬಾಯಿಯಿಂದ ಹೇಳಿಸಬೇಡಿ.

ಇನ್ನೊಂದು. ನಿಮ್ಮದು ಸಸ್ಯಾಹಾರಿ ಹೋಟೆಲ್ ಇರಬೇಕು. ಬಾರ್ ಆಗಿದ್ದರೆ ವಿಷಯ ಬೇರೆ. ಎಫ್‌ಎಲ್ 3 ಎಂಬ ಮದ್ಯದ ಲೈಸೆನ್ಸಿನ ನಕ್ಷೆಯಲ್ಲಿ ತೋರಿಸಿದ ಜಾಗ ಬಿಟ್ಟು ಹೊರಗೆ ಒಂದು ಬಿಯರ್ ಇಟ್ಟರೂ ಅಬಕಾರಿಯವರು ಬಿಡುವುದಿಲ್ಲ.

ದಾದರ್ ನಿವೃತ್ತ:

ಗಲ್ಲಾದವರೇ, ನಿಮ್ಮ ಸೈಕಲ್ ಟ್ಯೂಬ್ ಉಪಾಯ ಚೆನ್ನಾಗಿದೆ. ಆದರೆ ಟ್ಯೂಬ್ ತೊಡಿಸಿದ ಮಾತ್ರಕ್ಕೆ ಅಕ್ರಮ ಸಕ್ರಮ ಆಗುವುದಿಲ್ಲ. ತಾಯಿ ಕೇಳಿದ್ದು ಪರವಾನಗಿ ಇದೆಯಾ ಅಂತ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಮುಂಬೈಯಲ್ಲಿ ಹೋಟೆಲಿಗೆ ಮಹಾನಗರ ಪಾಲಿಕೆಯ ಲೈಸೆನ್ಸ್ ಬೇಕು. 1888ರ ಪಾಲಿಕೆ ಕಾಯಿದೆಯ 394ನೇ ಕಲಂ. ಆ ಲೈಸೆನ್ಸ್ ಒಂದು ನಿರ್ದಿಷ್ಟ ಜಾಗಕ್ಕೆ ಇರುತ್ತದೆ. ಅಂಗಡಿ ಮುಂದಿನ ಮಾರ್ಜಿನ್ ಜಾಗ, ಅಂದರೆ ಕಟ್ಟಡ ಕಟ್ಟುವಾಗ ನಕ್ಷೆಯಲ್ಲಿ ಖಾಲಿ ಬಿಡಲೇಬೇಕು ಎಂದು ತೋರಿಸಿದ ಜಾಗ, ಅದರಲ್ಲಿ ತಾನಾಗಿ ಸೇರುವುದಿಲ್ಲ. ಗಾಳಿ ಬೆಳಕಿಗೆ, ಅಗ್ನಿಶಾಮಕ ಗಾಡಿ ಒಳಗೆ ಬರುವುದಕ್ಕೆ ಅಂತ ಬಿಡಿಸಿರುವುದು ಅದು. ಟೇಬಲ್ ಇನ್ನೂ ಮುಂದೆ ಬಂದು ಫುಟ್‌ಪಾತ್ ಹತ್ತಿದರೆ 314ನೇ ಕಲಂ ಇದೆ. ರಸ್ತೆ ಮೇಲೆ ಇಟ್ಟದ್ದನ್ನು ನೋಟೀಸ್ ಕೊಡದೆಯೇ ಎತ್ತಿಕೊಂಡು ಹೋಗಬಹುದು. ಹಾಗಾಗಿ ಮೊದಲು ನೋಡಬೇಕಾದ್ದು ಟೇಬಲ್ ಎಲ್ಲಿದೆ ಅಂತ. ಸೊಸೈಟಿ ಗೋಡೆಯ ಒಳಗೋ, ಹೊರಗೋ? ಫೋಟೋ ತೆಗೆದಿಡಿ. ಗಿರಾಕಿಗಳ ಮುಖ ಬರುವುದು ಬೇಡ, ನೆಲ ಬಂದರೆ ಸಾಕು.

ಲೈಸೆನ್ಸಿನ ಪ್ರತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2005ರ ಕಾಯಿದೆ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು ಎಂಬ ನಿಯಮ ಇದೆ. ನಮ್ಮ ಜನ ಅಲ್ಲಿ ಕಥೆ ಬರೆಯಲು ಹೋಗುತ್ತಾರೆ, ಅರ್ಜಿ ವಾಪಸ್ ಬರುತ್ತದೆ. ಅತ್ತೆಯ ನಿದ್ದೆ, ಬಟ್ಟೆಯ ಹೊಗೆ ಏನೂ ಬರೆಯಬೇಡಿ. ಈ ವಿಳಾಸದ ಗಾಳಾಗಳ ಲೈಸೆನ್ಸ್ ಪ್ರತಿ, ಅದರ ಜೊತೆಗಿನ ನಕ್ಷೆ, ಶೆಡ್ಡಿಗೆ ಕೊಟ್ಟ ಪರವಾನಗಿ ಮತ್ತು ಅದರ ಅವಧಿ. ಅಷ್ಟೇ.

ಸದ್ದಿಗೆ ಬೇರೆ ಕಾನೂನು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಸುತ್ತ ಶಾಂತ ವಲಯ ಆದರೆ ಇನ್ನೂ ಕಡಿಮೆ, 50 ಮತ್ತು 40. ತೆರೆದ ಜಾಗದಲ್ಲಿ ಸ್ಪೀಕರ್ ಹತ್ತರ ನಂತರ ಬಂದ್. ಪೊಲೀಸರಿಗೆ 112, ಪಾಲಿಕೆಗೆ 1916. ಹೆಸರು ಹೇಳಲು ಹೆದರಿಕೆ ಇದ್ದರೆ ಕೇಳಿ: ಧ್ವನಿವರ್ಧಕದ ದೂರು ಬಂದರೆ ದೂರುದಾರರ ಗುರುತು ಕೇಳದೆ ಕ್ರಮ ತೆಗೆದುಕೊಳ್ಳಬೇಕು ಎಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಪೊಲೀಸರಿಗೆ ಹೇಳಿದೆ.

ಇದ್ದಿಲು ತಂದೂರಿಯ ಮಾತು ಬಂತಲ್ಲ. ಅದೇ ಜನವರಿಯಲ್ಲಿ ಹೊಗೆಯ ವಿಷಯದಲ್ಲೂ ಹೈಕೋರ್ಟ್ ಆದೇಶ ಬಂತು. ಕಟ್ಟಿಗೆ, ಇದ್ದಿಲು ಬಿಟ್ಟು ಗ್ಯಾಸ್ ಅಥವಾ ಕರೆಂಟಿಗೆ ಹೋಗಿ ಎಂದು ಬೇಕರಿ, ಹೋಟೆಲುಗಳಿಗೆ ಪಾಲಿಕೆ 2025ರ ಜುಲೈ 8ರ ಗಡುವು ಕೊಟ್ಟಿತ್ತು. ಇನ್ನೂ ಇದ್ದಿಲು ಉರಿಸುತ್ತಿದ್ದರೆ ನಿಮ್ಮ ಕೈಲಿ ಇರುವ ಗಟ್ಟಿ ದೂರು ಅದೇ.

ಕೊನೆಗೆ ಸೆಕ್ರೆಟರಿಯವರ ಮಾತು. "ಬಿಲ್ಡರ್ ಮುಂದಿನ ಜಾಗ ಮಾರಿದ್ದಾನೆ" ಎನ್ನುವುದು ಮುಂಬೈಯ ಅರ್ಧ ಸೊಸೈಟಿಗಳಲ್ಲಿ ಕೇಳುವ ಮಾತು. ತೆರೆದ ಪಾರ್ಕಿಂಗ್ ಜಾಗ, ಕಟ್ಟಡದ ಕೆಳಗೆ ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗ್ ಬಿಲ್ಡರ್ ಬೇರೆಯಾಗಿ ಮಾರುವ ಹಾಗಿಲ್ಲ, ಅದು ಎಲ್ಲರಿಗೂ ಸೇರಿದ್ದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮುಂಬೈಯದೇ ಕೇಸು. ನಿಮ್ಮ ಜಾಗಕ್ಕೂ ಅದೇ ಅನ್ವಯಿಸುತ್ತದಾ ಎಂದು ವಕೀಲರು ಕಾಗದ ನೋಡಿ ಹೇಳಬೇಕು. ಸೊಸೈಟಿ ಹೆಸರಿಗೆ ಕನ್ವೇಯನ್ಸ್, ಅಂದರೆ ಜಾಗದ ಒಡೆತನ ಬರೆದುಕೊಡುವ ನೋಂದಣಿ ಪತ್ರ, ಆಗಿದೆಯಾ? ಮೊದಲು ಅದನ್ನು ಕೇಳಿ.

ತಗಡು, ಬಿದಿರು, ಪ್ಲಾಸ್ಟಿಕ್ ಹೂವು, ದೀಪದ ವೈರು, ಪಕ್ಕದಲ್ಲೇ ತಂದೂರಿ. 2017ರ ಡಿಸೆಂಬರ್ 28ರ ಮಧ್ಯರಾತ್ರಿ ಕಳೆದ ಮೇಲೆ ಮುಂಬೈಯ ಕಮಲಾ ಮಿಲ್ಸ್‌ನಲ್ಲಿ ಹೋಟೆಲಿಗೆ ಬೆಂಕಿ ಬಿದ್ದು 14 ಜನ ಸತ್ತದ್ದು ನೆನಪಿದೆಯಲ್ಲ. ಅದು ತಾರಸಿ ಮೇಲಿನ ಹೋಟೆಲು, ನಿಮ್ಮದು ಮೆಟ್ಟಿಲ ಬಾಯಲ್ಲಿ. ನಿಮ್ಮ ಮೆಟ್ಟಿಲು ಹೊರಗೆ ಬರುವುದು ಯಾವ ಕಡೆಗೆ ಎಂದು ನೀವು ಬರೆದಿಲ್ಲ. ರಸ್ತೆ ಕಡೆಗೇ ಆದರೆ ನಿದ್ದೆಗಿಂತ ಮೊದಲು ಇದನ್ನು ನೋಡಿ.

ಬಾಣೇರ್ ಬಾಲ್ಕನಿ:

ಪುಣೆಯಿಂದ ಎರಡು ಮಾತು. ಇಲ್ಲಿ ಬಾಣೇರ್, ಬಾಲೇವಾಡಿ, ಕೋರೆಗಾಂವ್ ಪಾರ್ಕ್ ಎಲ್ಲಾ ಕಡೆ ಇದೇ ಗೋಳು. 2024ರ ಮೇ ತಿಂಗಳಲ್ಲಿ ಕಲ್ಯಾಣಿ ನಗರದಲ್ಲಿ ಪಬ್ಬಿನಿಂದ ಬಂದ ಹುಡುಗನ ಆ ಪೋರ್ಶೆ ಕಾರಿನ ಅಪಘಾತ ಆದ ಮೇಲೆ ಪಬ್ಬು, ರೂಫ್‌ಟಾಪ್, ಅಕ್ರಮ ಶೆಡ್ಡು ಅಂತ ಬುಲ್ಡೋಜರ್ ಬಂತು. ನಮ್ಮ ಗಲ್ಲಿಯ ಮೂಲೆಯ ಶೆಡ್ಡೂ ಹೋಯಿತು. ಆಹಾ ಅಂತ ನಾವು ಬಾಲ್ಕನಿಗೆ ಹೊಸ ಕುರ್ಚಿ ತಂದೆವು. ಕಬ್ಬಿಣದ ಕಂಬದ ಜಾಗದಲ್ಲಿ ಬಿದಿರು ಬಂತು, ಆಮೇಲೆ ಬಟ್ಟೆಯ ಮಾಡು, ಆಮೇಲೆ ಅದೇ ಟೇಬಲ್ಲು.

ಹಾಗಾಗಿ ದೂರು ಕೊಟ್ಟು ಕೆಡವಿಸಿದರೆ ಎಲ್ಲಾ ಮುಗಿಯಿತು ಅಂತ ಅಂದುಕೊಳ್ಳಬೇಡಿ. ನಮ್ಮಲ್ಲಿ ಕೊನೆಗೂ ಸ್ವಲ್ಪ ಸರಿಹೋದದ್ದು ಪಾರ್ಕಿಂಗ್. ಗಿರಾಕಿಗಳ ಕಾರು ಪಾರ್ಕ್ ಮಾಡಿಕೊಡುವ ವ್ಯಾಲೆ ಹುಡುಗರು ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಿದ್ದರು. ಒಂದು ರಾತ್ರಿ ಪಕ್ಕದ ವಿಂಗ್‌ಗೆ ಆಂಬುಲೆನ್ಸ್ ಬಂದು ಗೇಟಿನ ಹೊರಗೇ ನಿಂತಿತು. ಸ್ಟ್ರೆಚರ್ ಎತ್ತಿಕೊಂಡು ಹೋಗಬೇಕಾಯಿತು. ಮರುದಿನ ಹೋಟೆಲಿನವರೇ ಬಂದು ಗೇಟಿನ ಎದುರು ಹಳದಿ ಬಣ್ಣ ಬಳಿದು ಒಬ್ಬ ಹುಡುಗನನ್ನು ನಿಲ್ಲಿಸಿದರು. ಸದ್ದು ಇನ್ನೂ ಇದೆ.

ಮತ್ತೆ, ನಿಮ್ಮ ಎರಡನೇ ಮಾಳಿಗೆ ಹುಡುಗಿ ಹೇಳಿದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನನಗೂ ಇಬ್ಬರು ಹೆಣ್ಣುಮಕ್ಕಳು.

ಸೌಂಡ್ ರೂಮ್:

ಅಂಧೇರಿಯಲ್ಲಿ ಡಬ್ಬಿಂಗ್ ಸ್ಟುಡಿಯೋ ಕೆಲಸ ನನ್ನದು, ಸದ್ದೇ ಹೊಟ್ಟೆಪಾಡು. ಒಂದು ವಿಷಯ ಹೇಳಿ ಹೋಗುತ್ತೇನೆ.

ಇಬ್ಬರು ಒಂದು ಮೀಟರ್ ದೂರದಲ್ಲಿ ಮಾಮೂಲಾಗಿ ಮಾತಾಡಿದರೇ ಸುಮಾರು 60 ಡೆಸಿಬಲ್ ಆಗುತ್ತದೆ. ರಾತ್ರಿಯ ಮಿತಿ 45. ಅಂದರೆ ಸ್ಪೀಕರ್ ಇಲ್ಲದಿದ್ದರೂ ನಿಮ್ಮ ಕಿಟಕಿ ಕೆಳಗಿನ ಮಾತೇ ಮಿತಿ ದಾಟುತ್ತದೆ. ಬಯಲಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ನಿಮ್ಮದು ಇಕ್ಕಟ್ಟಿನ ಗಲ್ಲಿ, ಎದುರು ಗೋಡೆ, ಕೆಳಗೆ ಕಲ್ಲು. ಸದ್ದು ಪುಟಿದು ಮೇಲೇ ಬರುತ್ತದೆ. ಸುತ್ತ ಗಲಾಟೆ ಇದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ, ಇದಕ್ಕೆ ಲೊಂಬಾರ್ಡ್ ಪರಿಣಾಮ ಎನ್ನುತ್ತಾರೆ. ಒಂದು ಟೇಬಲ್ ಏರಿಸಿದರೆ ಪಕ್ಕದ್ದೂ ಏರಿಸುತ್ತದೆ. ಹಾಗಾಗಿ ಹಿನ್ನೆಲೆ ಹಾಡು ನಿಲ್ಲಿಸಿದರೆ ಹಾಡು ಮಾತ್ರ ಅಲ್ಲ, ಮಾತೂ ತಗ್ಗುತ್ತದೆ. ಮೊದಲು ಅದನ್ನೇ ಕೇಳಿ.

ಫೋನಿನ ಡೆಸಿಬಲ್ ಆ್ಯಪ್ ನಂಬಿ ಜಗಳಕ್ಕೆ ಹೋಗಬೇಡಿ. ಅಂದಾಜಿಗೆ ಸರಿ, ಸಾಕ್ಷಿಗೆ ಆಗುವುದಿಲ್ಲ.

ಘಾಟ್ಕೋಪರ್ ಅಜ್ಜ:

ಮಗಳು ನ್ಯೂಯಾರ್ಕಿನಲ್ಲಿ ಇದ್ದಾಳೆ, ಅಲ್ಲೂ ಇದೇ ಜಗಳ ನೋಡಿ ಬಂದಿದ್ದೇನೆ. 2020ರ ಜೂನ್‌ನಲ್ಲಿ ರಸ್ತೆ ಮೇಲೆ ಟೇಬಲ್ ಹಾಕಲು ಬಿಟ್ಟರು. ಹೋಟೆಲಿನವರು ಮರದ ಗುಡಿಸಲೇ ಕಟ್ಟಿಕೊಂಡರು. ಪಾರ್ಕಿಂಗ್ ಹೋಯಿತು, ಇಲಿ ಬಂತು, ಅಕ್ಕಪಕ್ಕದವರು ಕೋರ್ಟಿಗೆ ಹೋದರು. 2023ರಲ್ಲಿ ಕಾನೂನು ಮಾಡಿ, ರಸ್ತೆ ಮೇಲಿನದು ಏಪ್ರಿಲ್‌ನಿಂದ ನವೆಂಬರ್ ಕೊನೆವರೆಗೆ ಮಾತ್ರ ಎಂದರು. ಪ್ಯಾರಿಸ್‌ನಲ್ಲಿ ಬೇಸಿಗೆ ಟೇಬಲ್ ರಾತ್ರಿ 10ಕ್ಕೆ ಎತ್ತಬೇಕು. ನಮ್ಮಲ್ಲಿ ಪೂರ್ತಿ ಬೇಡ ಅಥವಾ ಪೂರ್ತಿ ಕಣ್ಣುಮುಚ್ಚು, ನಡುವಿನದು ಇಲ್ಲ. ಹೋಟೆಲಿನವನಿಗೂ ಅದರಿಂದ ಸುಖ ಇಲ್ಲ, ದಿನಾ ಯಾರಿಗಾದರೂ ಕೈ ಬಿಸಿ ಮಾಡುತ್ತಲೇ ಇರಬೇಕು.

ಹುಬ್ಬಳ್ಳಿಯಿಂದ ಪಾರ್ಲೆಗೆ:

ಎಲ್ಲರಿಗೂ ಥ್ಯಾಂಕ್ಸ್. ಗಲ್ಲಾ ಅವರು ಹೇಳಿದ ಹಾಗೆ ನಾಲ್ಕು ಗಂಟೆಗೆ ಹೋದೆ. ಸೇಠ್ ನಿಜವಾಗಿಯೂ ಚಹಾ ಕುಡಿಯುತ್ತಾ ಕೂತಿದ್ದರು!

ಕುರ್ಚಿ ಮಾತು ತೆಗೆದೆ, ಒಪ್ಪಿದರು. ಹಾಡಿಗೆ ಒಪ್ಪಿದರು. ಅವತ್ತು ರಾತ್ರಿಯಿಂದಲೇ ಸ್ಪೀಕರ್ ಬಾಯಿ ಮುಚ್ಚಿದೆ. ಸೌಂಡ್ ರೂಮ್ ಹೇಳಿದ್ದು ಸರಿ, ಮಾತೂ ಸ್ವಲ್ಪ ತಗ್ಗಿದೆ. ಆ ಫ್ಲ್ಯಾಟ್ ಕೇಸು ಏನಾಯಿತು ಅಂತ ಈಗ ನನಗೆ ಗೊತ್ತಾಗುತ್ತಿಲ್ಲ. ಹತ್ತು ಗಂಟೆ ಮಾತಿಗೆ "ಹತ್ತೂವರೆ ಮಾಡಿ ಅಕ್ಕ" ಎಂದರು. ಹತ್ತೇ ಎಂದೆ. ನೋಡೋಣ ಎಂದರು. ತಂದೂರಿ ವಿಷಯ ತೆಗೆದಾಗ ಮುಖ ಸಣ್ಣದಾಯಿತು, ಗ್ಯಾಸಿನದಕ್ಕೆ ಆರ್ಡರ್ ಕೊಟ್ಟಿದ್ದೇನೆ ಎಂದರು. ಇರಬಹುದು.

ಶೆಡ್ ತೆಗೆಯಿರಿ ಎಂದಾಗ ಮಾತ್ರ ಅವರಿಗೆ ಸಿಟ್ಟು ಬಂತು. "ಅಕ್ಕ, ನಾನು ಪುಕ್ಕಟೆ ಕೂತಿಲ್ಲ. ಗಾಳಾಕ್ಕೆ ಬೇರೆ ಬಾಡಿಗೆ, ಮುಂದಿನ ಜಾಗಕ್ಕೆ ಬೇರೆ ಬಾಡಿಗೆ ಕೊಡುತ್ತೇನೆ. ಪ್ರತಿ ತಿಂಗಳು, ನಗದು. ನಿಮ್ಮ ಸೊಸೈಟಿಯವರನ್ನೇ ಕೇಳಿ" ಎಂದರು. ಯಾರಿಗೆ ಕೊಡುತ್ತೀರಿ ಎಂದೆ. ಗಾಳಾ ಮಾಲೀಕರಿಗೆ ಎಂದರು. ಆ ಗಾಳಾ ಮಾಲೀಕರು ಸೆಕ್ರೆಟರಿಯ ಸ್ವಂತ ಭಾವ!

ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ನಾವು ನಾಲ್ಕು ಮನೆಯವರು ಸೇರಿ ಕುಂದಾಪುರದವರನ್ನು ಬೈಯುತ್ತಾ ಕೂತಿದ್ದೆವು. ನಮ್ಮೆಲ್ಲರ ಅಂಗಳವನ್ನು ಬಾಡಿಗೆಗೆ ಬಿಟ್ಟು ದುಡ್ಡು ಎಣಿಸುತ್ತಿದ್ದವರು ಮೀಟಿಂಗಿನಲ್ಲಿ ನನ್ನ ಪಕ್ಕದಲ್ಲೇ ಕೂತು "ನೀವೇ ಮಾತಾಡಿ" ಎನ್ನುತ್ತಿದ್ದರು. ಹೋಟೆಲಿನವರ ಮೇಲಿದ್ದ ನನ್ನ ಅರ್ಧ ಸಿಟ್ಟು ಅಲ್ಲೇ ಇಳಿದು, ಬೇರೆ ಕಡೆ ಏರಿತು.

ದಾದರ್ ಸರ್, ಮೆಟ್ಟಿಲು ರಸ್ತೆ ಕಡೆಗೇ ಬರುತ್ತದೆ. ಕೊನೆಯ ಟೇಬಲ್ಲಿಗೂ ಮೆಟ್ಟಿಲಿಗೂ ನಡುವೆ ಒಬ್ಬರು ಅಡ್ಡ ತಿರುಗಿ ಹೋಗುವಷ್ಟು ಜಾಗ. ಆ ಟೇಬಲ್ ಇವತ್ತೇ ತೆಗೆಸಿದೆ, ತಕರಾರು ಮಾಡದೆ ತೆಗೆದರು. ಕನ್ವೇಯನ್ಸ್ ಆಗಿದೆ, ಫೈಲಿನಲ್ಲಿ ನಾನೇ ನೋಡಿದೆ. ಈಗ ಮುಂದೇನು?

ದಾದರ್ ನಿವೃತ್ತ:

ಕನ್ವೇಯನ್ಸ್ ಆಗಿದ್ದರೆ ಅರ್ಧ ಕೆಲಸ ಆದಂತೆ. ಜಾಗ ಸೊಸೈಟಿಯದು ಎಂದಾದರೆ ಬಾಡಿಗೆ ವಸೂಲಿ ಮಾಡಲು ಭಾವ ಯಾರು?

ಬಾಯಿಮಾತಿನಲ್ಲಿ ಕೇಳಬೇಡಿ. ಸೊಸೈಟಿಗೆ ಲಿಖಿತ ಪತ್ರ ಕೊಡಿ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮುಂದಿನ ಜಾಗ ಯಾವ ಠರಾವಿನ ಮೇಲೆ ಬಾಡಿಗೆಗೆ ಹೋಗಿದೆ, ಆ ದುಡ್ಡು ಸೊಸೈಟಿ ಲೆಕ್ಕದಲ್ಲಿ ಎಲ್ಲಿದೆ. ಈ ಎರಡೇ ಪ್ರಶ್ನೆ. ಜನರಲ್ ಬಾಡಿ ಮೀಟಿಂಗಿನಲ್ಲಿ ಓದಿಸಿ, ಮಿನಿಟ್ಸ್‌ನಲ್ಲಿ ಬರೆಸಿ. ಉತ್ತರ ಬರದಿದ್ದರೆ ಸಹಕಾರ ಖಾತೆಯ ಡೆಪ್ಯುಟಿ ರಿಜಿಸ್ಟ್ರಾರ್ ಇದ್ದಾರೆ. ಜೊತೆಗೆ ಇನ್ನಿಬ್ಬರ ಸಹಿ ಇರಲಿ. ಒಬ್ಬರೇ ಹೋದರೆ ನಿಮ್ಮನ್ನೇ ಜಗಳಗಂಟಿ ಮಾಡುತ್ತಾರೆ.

ಮಾಹಿತಿ ಹಕ್ಕಿನ ಅರ್ಜಿ ಬಿಡಬೇಡಿ. ಸೇಠ್ ಒಳ್ಳೆಯವರಾದರೂ ಹಾಕಿ. ನಾಳೆ ಅವರು ಹೋಟೆಲ್ ಇನ್ನೊಬ್ಬರಿಗೆ ನಡೆಸಲು ಕೊಟ್ಟರೆ ನಿಮ್ಮ ಹತ್ತು ಗಂಟೆಯ ಮಾತು ಅವರ ಜೊತೆಗೇ ಹೋಗುತ್ತದೆ.

ಗಲ್ಲಾ ಮೇಲಿಂದ:

ಓಹೋ, ಭಾವನ ಕಥೆಯಾ! ನಮ್ಮ ಲೈನಿನಲ್ಲಿ ಇದು ಹೊಸತಲ್ಲ ಅಕ್ಕ. ಮುಂದಿನ ಜಾಗಕ್ಕೆ ರಸೀದಿ ಇಲ್ಲದ ಬಾಡಿಗೆ ಎಷ್ಟೋ ಜನ ಕೊಡುತ್ತಾರೆ. ಕೊಟ್ಟವನಿಗೆ ಹಕ್ಕೂ ಇಲ್ಲ, ಕಾಗದವೂ ಇಲ್ಲ. ಗಾಡಿ ಬಂದು ಟೇಬಲ್ ಎತ್ತಿಕೊಂಡು ಹೋದರೆ ನಷ್ಟ ಅವನದೇ, ಬಾಡಿಗೆ ತಿಂದವನದ್ದಲ್ಲ. ನಿಮ್ಮ ಸೇಠ್‌ಗೆ ಇದನ್ನು ಹೇಳಿ. ಅವರೇ ನಿಮ್ಮ ಪರ ಮೀಟಿಂಗಿಗೆ ಬಂದರೂ ಬಂದಾರು.

ರಬ್ಬರ್ ಬುಡ್ಡಿ ಮಸ್ಜಿದ್ ಬಂದರ್ ಹತ್ತಿರ ನಾಗದೇವಿ ಸ್ಟ್ರೀಟ್‌ನಲ್ಲಿ ಸಿಗುತ್ತದೆ, ಡಜನ್ ಲೆಕ್ಕ. ಹುಡುಗನನ್ನು ಕಳಿಸುವ ಮೊದಲು ಕುರ್ಚಿ ಕಾಲು ದುಂಡು ಪೈಪೋ ಚೌಕ ಪೈಪೋ ನೋಡಿಕೊಳ್ಳಲಿ, ಅಳತೆ ಪಟ್ಟಿ ಹಿಡಿದು ಹೊರಗಿನ ಅಗಲ ಬರೆದುಕೊಳ್ಳಲಿ. ಸಡಿಲ ತಂದರೆ ಎರಡೇ ದಿನದಲ್ಲಿ ಬಿದ್ದುಹೋಗುತ್ತದೆ. ಒಳಗೆ ವಾಷರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಲಿ. ಇಲ್ಲದಿದ್ದರೆ ಕಬ್ಬಿಣ ರಬ್ಬರನ್ನು ಕೊರೆದು ಕೆಳಗೆ ಬರುತ್ತದೆ, ಮತ್ತೆ ಅದೇ ಕರ್‌ರ್.